ಬೆಂಕಿ ಬಿದ್ದಾಗ ಮಗು ಅಡಗಬಾರದು, ಹೊರಗೆ ಬರಬೇಕು

ಮನೆಗೆ ಬೆಂಕಿ ಬಿದ್ದರೆ ದೊಡ್ಡವರು ಬಾಗಿಲಿನ ಕಡೆ ಓಡುತ್ತಾರೆ. ಸಣ್ಣ ಮಕ್ಕಳು ಎಷ್ಟೋ ಸಲ ಹಾಗೆ ಮಾಡುವುದಿಲ್ಲ. ಅವರು ಅಡಗುತ್ತಾರೆ. ಮಂಚದ ಕೆಳಗೆ, ಕಪಾಟಿನ ಒಳಗೆ, ಬಚ್ಚಲ ಮನೆಯಲ್ಲಿ, ಹೊದಿಕೆಯ ಒಳಗೆ. ಹೆದರಿಕೆ ಆದಾಗ ಕಣ್ಣಿಗೆ ಕಾಣದ ಹಾಗೆ ಕೂತುಕೊಂಡರೆ ಸಾಕು ಎಂದು ಮಗುವಿನ ಮನಸ್ಸು ಹೇಳುತ್ತದೆ. ಕಡ್ಡಿಪೆಟ್ಟಿಗೆ ಹಿಡಿದು ಆಟ ಆಡಿದ್ದು ತಾನೇ ಆಗಿದ್ದರಂತೂ ಪೆಟ್ಟು ಬೀಳುತ್ತದೆ ಎಂಬ ಭಯಕ್ಕೆ ಇನ್ನೂ ಒಳಗೆ ಹೋಗಿ ಕೂರುತ್ತದೆ. ಹೊರಗೆ ನಿಂತ ತಾಯಿ ಹೆಸರು ಹಿಡಿದು ಕೂಗಿದರೂ ಉತ್ತರ ಬರುವುದಿಲ್ಲ.

ಹಾಗಾಗಿ ಮಕ್ಕಳಿಗೆ ಬೆಂಕಿಯ ಬಗ್ಗೆ ಏನಾದರೂ ಕಲಿಸುವುದಾದರೆ ಮೊದಲ ಪಾಠ ನೀರು ಹಾಕುವುದಲ್ಲ, ಫೋನ್ ಮಾಡುವುದೂ ಅಲ್ಲ. ಅಡಗಬೇಡ, ಹೊರಗೆ ಬಾ, ಮತ್ತೆ ಒಳಗೆ ಹೋಗಬೇಡ. ಈ ಮೂರು ಮಾತು.

ಕರಾವಳಿಯವರಾದ ನಾವು ಈಗ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೇವೆ. ಊರಲ್ಲಿ ಮಕ್ಕಳು ಉಸ್ತಾದ್ ಎನ್ನುತ್ತಿದ್ದರು, ಇಲ್ಲಿಯವರು ಹಜ್ರತ್ ಎನ್ನುತ್ತಾರೆ. ಮನೆಗೆ ಬೆಂಕಿ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಮಾತ್ರ ಎರಡೂ ಕಡೆಯ ಮಕ್ಕಳ ಉತ್ತರ ಒಂದೇ. 'ನೀರ ಹಾಕ್ತೀನ್ರಿ ಹಜ್ರತ್.' ಎಣ್ಣೆಯ ಬೆಂಕಿಗೂ ನೀರು, ಕರೆಂಟಿನ ಬೆಂಕಿಗೂ ನೀರು, ಗ್ಯಾಸಿನ ಬೆಂಕಿಗೂ ನೀರು. ಮಕ್ಕಳ ತಪ್ಪಲ್ಲ ಇದು. ಅವರಿಗೆ ಯಾರೂ ಬೇರೆ ಏನನ್ನೂ ಹೇಳಿಲ್ಲ.

ಕಲಿಸಲು ಹೊರಟಾಗ ಒಬ್ಬ ತಂದೆ ಬಂದು, 'ಸಣ್ಣ ಹುಡುಗ್ರಿಗೆ ಬೆಂಕಿ ಸುದ್ದಿ ಯಾಕ್ರಿ, ಸುಮ್ನ ಹೆದರ್ತಾವ' ಎಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಸುಟ್ಟವರ ಫೋಟೋ ತೋರಿಸಿ, ಸತ್ತವರ ಕಥೆ ಹೇಳಿ ಕಲಿಸಿದರೆ ಮಕ್ಕಳು ಹೆದರುತ್ತಾರೆ. ಹೆದರಿದ ಮಗು ಮತ್ತೆ ಮಂಚದ ಕೆಳಗೇ ಹೋಗುತ್ತದೆ. ಆದರೆ ವುಝೂ ಕಲಿಸುವ ಹಾಗೆ ಕಲಿಸಿದರೆ ಯಾವ ಮಗುವೂ ಹೆದರುವುದಿಲ್ಲ. ವುಝೂವನ್ನು ಕಿತಾಬು ಓದಿಸಿ ಯಾರೂ ಕಲಿಸುವುದಿಲ್ಲ. ಹೌಳಿನ ಬಳಿ ಕೂರಿಸಿ, ನಾವು ಮಾಡಿ ತೋರಿಸಿ, ಅವರಿಂದ ಮಾಡಿಸುತ್ತೇವೆ. ನಾಲ್ಕು ದಿನ ಆದ ಮೇಲೆ ಮಗು ಯೋಚಿಸುವುದೇ ಬೇಡ, ಕೈ ತಾನಾಗಿ ಮುಂದೆ ಹೋಗುತ್ತದೆ. ಆಪತ್ತಿನ ಹೊತ್ತಿಗೆ ಬೇಕಾದದ್ದು ಇಂಥ ಕಲಿಕೆಯೇ. ಆ ಹೊತ್ತಲ್ಲಿ ತಲೆ ಓಡುವುದಿಲ್ಲ, ಕಾಲು ಓಡಬೇಕು.

ನಮ್ಮವರಿಗೆ ಹೊಸ ವಿಷಯವಲ್ಲ

ಬೆಂಕಿಯ ಎಚ್ಚರಿಕೆ ಸರ್ಕಾರದ ಪೋಸ್ಟರಿನಿಂದ ಬಂದ ಮಾತು ಎಂದು ತಿಳಿಯಬೇಡಿ. ಮದೀನದಲ್ಲಿ ಒಂದು ರಾತ್ರಿ ಒಂದು ಮನೆ ಒಳಗಿದ್ದವರ ಸಮೇತ ಸುಟ್ಟು ಹೋಯಿತು. ವಿಷಯ ತಿಳಿದ ಪ್ರವಾದಿ (ಸ) ಅವರು ಬೆಂಕಿ ನಿಮಗೆ ಶತ್ರು, ಮಲಗುವಾಗ ಅದನ್ನು ಆರಿಸಿ ಮಲಗಿ ಎಂಬ ಅರ್ಥದಲ್ಲಿ ತಿಳಿಸಿದರು. ಬುಖಾರಿ, ಮುಸ್ಲಿಂ ಎರಡರಲ್ಲೂ ಇರುವ ಹದೀಸ್ ಇದು. ಇನ್ನೊಂದು ಹದೀಸ್‌ನಲ್ಲಿ ರಾತ್ರಿ ಪಾತ್ರೆ ಮುಚ್ಚಬೇಕು, ಬಾಗಿಲು ಹಾಕಬೇಕು, ದೀಪ ಆರಿಸಬೇಕು ಎಂದಿದೆ. ಇಲಿಯು ಬತ್ತಿಯನ್ನು ಎಳೆದುಕೊಂಡು ಹೋಗಿ ಮನೆಗೆ ಬೆಂಕಿ ತಗುಲಿಸಬಹುದು ಎಂಬ ಕಾರಣವನ್ನೂ ಅಲ್ಲೇ ಕೊಡಲಾಗಿದೆ.

ಎಷ್ಟು ಸಣ್ಣ ವಿಷಯ ನೋಡಿ. ಇಲಿ ಮತ್ತು ಬತ್ತಿ. ಈಗ ನಮ್ಮ ಮನೆಗಳಲ್ಲಿ ಬತ್ತಿಯ ದೀಪ ಇಲ್ಲ. ಆದರೆ ಸೊಳ್ಳೆ ಬತ್ತಿ ಇದೆ, ದಿಂಬಿನ ಕೆಳಗೆ ಚಾರ್ಜಿಗೆ ಇಟ್ಟ ಮೊಬೈಲ್ ಇದೆ, ರೆಗ್ಯುಲೇಟರ್ ಆಫ್ ಮಾಡದ ಸಿಲಿಂಡರ್ ಇದೆ, ಊದು ಹಾಕಿ ಮರೆತ ಕೆಂಡದ ಪಾತ್ರೆ ಇದೆ. ಮಲಗುವ ಮೊದಲು ಮನೆಯ ಒಂದು ಮಗುವಿಗೆ ಈ ನಾಲ್ಕನ್ನೂ ನೋಡಿ ಬರುವ ಕೆಲಸ ಕೊಡಿ. ಮುಟ್ಟುವ ಕೆಲಸ ದೊಡ್ಡವರದ್ದು, ನೋಡುವ ಕೆಲಸ ಮಗುವಿನದ್ದು. 'ಉಮ್ಮಾ, ಗ್ಯಾಸ್ ಆಫ್ ಆಗಿಲ್ಲ' ಎಂದು ಕೂಗಿ ಹೇಳುವುದರಲ್ಲಿ ಮಕ್ಕಳಿಗೆ ಎಲ್ಲಿಲ್ಲದ ಹೆಮ್ಮೆ. ಸುನ್ನತ್ತೂ ಆಯಿತು, ಪಾಠವೂ ಆಯಿತು.

ಮರೆಯಬಾರದ ಮೂರು ಊರು

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 92 ಮಂದಿ ತೀರಿಕೊಂಡರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಬೆಂಕಿಯ ಜೊತೆಗೆ ನೂಕುನುಗ್ಗಲೂ ಜೀವ ತೆಗೆಯಿತು.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ತೀರಿಕೊಂಡರು. ಬಿಸಿಯೂಟದ ಅಡುಗೆ ಕೋಣೆಯಲ್ಲಿ ಹುಟ್ಟಿದ ಬೆಂಕಿ ಗರಿಯ ಮಾಡಿಗೆ ಹತ್ತಿ ತರಗತಿಗಳನ್ನು ನುಂಗಿತು. ಆ ಘಟನೆಯನ್ನು ಮುಂದಿಟ್ಟುಕೊಂಡು ಹೂಡಿದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್ 13ರಂದು ತೀರ್ಪು ಕೊಟ್ಟಿತು. ಮಗುವಿನ ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ, ಶಾಲೆಗಳಲ್ಲಿ ಬೆಂಕಿ ಆರಿಸುವ ಸಲಕರಣೆ ಇರಬೇಕು, ಶಿಕ್ಷಕರಿಗೆ ಅದನ್ನು ಬಳಸುವ ತರಬೇತಿ ಇರಬೇಕು ಎಂಬುದು ಅದರ ಸಾರ. ಮದ್ರಸವೂ ಮಕ್ಕಳು ಕೂತು ಕಲಿಯುವ ಜಾಗವೇ ಅಲ್ಲವೇ.

ಮೂರನೆಯ ಊರು ನಮ್ಮ ಗಲ್ಫ್ ಮನೆಗಳಿಗೆ ಹತ್ತಿರದ್ದು. 2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಳಗಿನ ಜಾವ ಬೆಂಕಿ ಬಿತ್ತು. 45 ಭಾರತೀಯರು ತೀರಿಕೊಂಡರು. ಹೆಚ್ಚಿನವರು ಸುಟ್ಟು ಸತ್ತವರಲ್ಲ, ನಿದ್ದೆಯಲ್ಲಿದ್ದಾಗ ಕೆಳಗಿನಿಂದ ಮೇಲೇರಿದ ಹೊಗೆ ಕುಡಿದು ಸತ್ತವರು. ಆ ಸುದ್ದಿ ಬಂದ ದಿನ ಕರಾವಳಿಯ ಎಷ್ಟು ಮನೆಗಳಿಂದ ಗಲ್ಫಿಗೆ ಫೋನ್ ಹೋಗಿರಬಹುದು ಎಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಮಕ್ಕಳಿಗೆ ನಾವು ಒಂದು ಮನೆಗೆಲಸ ಕೊಡುತ್ತೇವೆ. ಉಪ್ಪ ಗಲ್ಫಿನಿಂದ ಫೋನ್ ಮಾಡಿದಾಗ ಎರಡು ಪ್ರಶ್ನೆ ಕೇಳಬೇಕು. ನಿಮ್ಮ ರೂಮಿನಿಂದ ಹೊರಗೆ ಬರಲು ಎರಡನೇ ದಾರಿ ಎಲ್ಲಿದೆ? ಮೆಟ್ಟಿಲಿನಲ್ಲಿ ಸಾಮಾನು ಇಟ್ಟಿದ್ದಾರಾ? ಮಗ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ತಂದೆ ಒಂದು ಸಲವಾದರೂ ಎದ್ದು ಹೋಗಿ ನೋಡಿಯೇ ನೋಡುತ್ತಾನೆ.

ಹೊಗೆ ಮೇಲೆ, ಗಾಳಿ ಕೆಳಗೆ

ಮಕ್ಕಳಿಗೆ ಬೆಂಕಿ ಕಾಣುತ್ತದೆ, ಹೊಗೆಯ ಅಪಾಯ ಕಾಣುವುದಿಲ್ಲ. ಬಿಸಿ ಹೊಗೆ ಮೇಲಕ್ಕೆ ಹೋಗಿ ಮಾಡಿನ ಕೆಳಗೆ ತುಂಬುತ್ತದೆ, ಆಮೇಲೆ ಕೆಳಗೆ ಇಳಿಯುತ್ತದೆ. ನೆಲದ ಹತ್ತಿರ ಸ್ವಲ್ಪ ಹೊತ್ತು ಉಸಿರಾಡುವ ಗಾಳಿ ಉಳಿದಿರುತ್ತದೆ. ನಿಂತು ಓಡಿದವರು ನಾಲ್ಕು ಉಸಿರಿಗೆ ಬೀಳಬಹುದು, ತೆವಳಿಕೊಂಡು ಬಂದವರು ಬಾಗಿಲು ಮುಟ್ಟಬಹುದು.

ಇದನ್ನು ಆಟದ ಹಾಗೆ ಕಲಿಸಬಹುದು. ಇಬ್ಬರು ದೊಡ್ಡ ಹುಡುಗರು ಒಂದು ಬೆಡ್‌ಶೀಟನ್ನು ಸೊಂಟದ ಎತ್ತರಕ್ಕೆ ಹಿಡಿದು ನಿಲ್ಲಲಿ. ಅದೇ ಹೊಗೆ. ಉಳಿದ ಮಕ್ಕಳು ಅದಕ್ಕೆ ತಲೆ ತಾಗದ ಹಾಗೆ ಮೊಣಕಾಲಿನಲ್ಲಿ ತೆವಳಿ ಬಾಗಿಲಿಗೆ ಬರಬೇಕು. ನಕ್ಕು ನಕ್ಕು ಕಲಿಯುತ್ತಾರೆ. ಎರಡನೇ ಸಲ ಕಣ್ಣು ಮುಚ್ಚಿ, ಒಂದು ಕೈಯಿಂದ ಗೋಡೆ ಮುಟ್ಟಿಕೊಂಡು ಬರಲು ಹೇಳಿ. ರಾತ್ರಿ ಕರೆಂಟು ಹೋದ ಮನೆಯಲ್ಲಿ ಹೊಗೆ ತುಂಬಿದರೆ ದಾರಿ ತೋರಿಸುವುದು ಗೋಡೆ ಮಾತ್ರ.

ಮುಚ್ಚಿದ ಬಾಗಿಲು ಕಂಡರೆ ಕೈಯ ಹಿಂಭಾಗದಿಂದ ಮುಟ್ಟಿ ನೋಡಬೇಕು. ಬಿಸಿ ಇದ್ದರೆ ಆ ಬಾಗಿಲು ತೆರೆಯಬಾರದು, ಆಚೆ ಬೆಂಕಿ ಇದೆ. ಬೇರೆ ದಾರಿ ಇಲ್ಲದಿದ್ದರೆ ಬಾಗಿಲಿನ ಸಂದಿಗೆ ಬಟ್ಟೆ ತುರುಕಿ ಕಿಟಕಿಗೆ ಬಂದು ಕೂಗಬೇಕು. ಯಾವ ಕಿಟಕಿಗೆ ಬರಬೇಕು ಎಂಬುದನ್ನು ಮನೆಯವರು ಮೊದಲೇ ತೀರ್ಮಾನ ಮಾಡಿರಬೇಕು.

ಇಲ್ಲಿ ದೊಡ್ಡವರ ಪಾಠವೂ ಇದೆ. ಕರಾವಳಿಯ ನಮ್ಮ ಮನೆಗಳ ಕಿಟಕಿಗೆಲ್ಲ ಕಬ್ಬಿಣದ ಸರಳು, ಬಾಗಿಲಿಗೆ ರಾತ್ರಿ ಬೀಗ, ಬೀಗದ ಕೈ ಉಪ್ಪನ ಶರ್ಟಿನ ಕಿಸೆಯಲ್ಲಿ. ಬೆಳ್ಳಟ್ಟಿ ಕಡೆ ಪತ್ರಾಸ್ ಹೊದಿಸಿದ ಮನೆಗಳಿಗೆ ಎಷ್ಟೋ ಕಡೆ ಇರುವುದೇ ಒಂದು ಬಾಗಿಲು. ಅದರ ಪಕ್ಕದ ಪಡಸಾಲೆಯಲ್ಲೇ ಬೈಕು ನಿಲ್ಲಿಸುತ್ತಾರೆ, ಮೂಲೆಯಲ್ಲಿ ಬಾಟಲಿಯ ಪೆಟ್ರೋಲ್. ಬೀಗದ ಕೈ ಬಾಗಿಲಿನ ಪಕ್ಕ, ಹತ್ತು ವರ್ಷದ ಮಗುವಿನ ಕೈಗೆ ಎಟಕುವ ಮೊಳೆಯಲ್ಲಿ ಇರಲಿ. ಸುಗ್ಗಿಯ ದಿನಗಳಲ್ಲಿ ಸಣ್ಣ ಮಕ್ಕಳನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಹೊಲಕ್ಕೆ ಹೋಗುವ ರೂಢಿ ಹಲವು ಕಡೆ ಇದೆ. ಆ ಮಗು ಎಷ್ಟೇ ಪಾಠ ಕಲಿತಿದ್ದರೂ ಹೊರಗೆ ಬರಲಾರದು. ಪಕ್ಕದ ಮನೆಯವರ ಬಳಿ ಬಿಟ್ಟು ಹೋಗಿ, ಚಿಲಕ ಮಾತ್ರ ಹಾಕಬೇಡಿ.

ಅಡುಗೆ ಮನೆಯ ಪಾಠ

ಒಂದು ಮೋಂಬತ್ತಿ ಹಚ್ಚಿ ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿ. ಸ್ವಲ್ಪ ಹೊತ್ತಿಗೆ ಅದು ಆರುತ್ತದೆ. ಯಾಕೆ ಎಂದು ಮಕ್ಕಳನ್ನೇ ಕೇಳಿ. ಬೆಂಕಿಗೆ ಮೂರು ಬೇಕು: ಉರಿಯುವ ವಸ್ತು, ಬಿಸಿ, ಗಾಳಿ. ಒಂದನ್ನು ತೆಗೆದರೆ ಬೆಂಕಿ ಇಲ್ಲ. ಇದು ಅರ್ಥವಾದ ಮಗುವಿಗೆ ಎಣ್ಣೆಯ ಬಾಣಲೆಗೆ ಬೆಂಕಿ ಹಿಡಿದರೆ ಮುಚ್ಚಳ ಹಾಕಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ರಮಝಾನ್ ತಿಂಗಳಲ್ಲಿ ಮಗ್ರಿಬ್‌ಗೆ ಅರ್ಧ ಗಂಟೆ ಇರುವಾಗ ನಮ್ಮ ಮನೆಗಳ ಅಡುಗೆ ಮನೆ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಒಂದು ಒಲೆಯಲ್ಲಿ ಸಮೋಸ, ಇನ್ನೊಂದರಲ್ಲಿ ಗಂಜಿ, ಉಪವಾಸದ ಸುಸ್ತು, ಕಾಲ ಬುಡದಲ್ಲಿ ಮಕ್ಕಳು. ಆ ಹೊತ್ತಲ್ಲಿ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿ, ಯಾರಾದರೂ ಒಂದು ಚೊಂಬು ನೀರು ಎರಚಿದರೆ, ನೀರು ಕುದಿಯುವ ಎಣ್ಣೆಯ ಕೆಳಗೆ ಹೋಗಿ ಒಮ್ಮೆಲೇ ಹಬೆಯಾಗುತ್ತದೆ, ಉರಿಯುವ ಎಣ್ಣೆಯನ್ನು ಮಾಡಿನ ತನಕ ಹಾರಿಸುತ್ತದೆ. ಮಾಡಬೇಕಾದದ್ದು ಇಷ್ಟು: ಒಲೆ ಆಫ್, ಬಾಣಲೆಯ ಮೇಲೆ ಮುಚ್ಚಳ ಅಥವಾ ದೊಡ್ಡ ತಟ್ಟೆ, ಬಾಣಲೆಯನ್ನು ಎತ್ತಿಕೊಂಡು ಓಡಬಾರದು. ಕರಿಯುವಾಗ ಮುಚ್ಚಳ ಪಕ್ಕದಲ್ಲೇ ಇರಲಿ. ಒಲೆಯಿಂದ ಎರಡು ಹೆಜ್ಜೆ ದೂರ ನೆಲದಲ್ಲಿ ಒಂದು ಗೆರೆ ಎಳೆದು, ಒಲೆ ಉರಿಯುವಾಗ ಸಣ್ಣ ಮಕ್ಕಳು ಅದನ್ನು ದಾಟಬಾರದು ಎಂದು ಕಟ್ಟಳೆ ಮಾಡಿ.

ಗ್ಯಾಸಿನ ವಿಷಯಕ್ಕೆ ಬಂದರೆ, ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ನೆಲದಲ್ಲಿ ಹರಡಿ, ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೆ ತನ್ನದೇ ವಾಸನೆ ಇಲ್ಲ, ಸೋರಿದ್ದು ಗೊತ್ತಾಗಲಿ ಎಂದೇ ಆ ಕೆಟ್ಟ ವಾಸನೆ ಸೇರಿಸುತ್ತಾರೆ. ಆ ವಾಸನೆ ಬಂದರೆ ಮಗು ಮಾಡಬೇಕಾದದ್ದು ಎರಡೇ: ಯಾವ ಸ್ವಿಚ್ಚನ್ನೂ ಮುಟ್ಟದೆ ದೊಡ್ಡವರಿಗೆ ಹೇಳುವುದು, ಹೊರಗೆ ಹೋಗುವುದು. ಸ್ವಿಚ್ ಹಾಕುವುದೂ ಬೇಡ, ತೆಗೆಯುವುದೂ ಬೇಡ, ಎರಡರಲ್ಲೂ ಕಿಡಿ ಇದೆ. ದೊಡ್ಡವರು ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಗ್ಯಾಸ್ ಸೋರಿಕೆಗೆ ಎಂದೇ ಇರುವ ನಂಬರ್ ಅದು.

ಓದಲು ಕಲಿತ ಮಕ್ಕಳಿಗೆ ಒಂದು ಆಟ. ಸಿಲಿಂಡರಿನ ಹಿಡಿಯ ಕೆಳಗಿನ ಪಟ್ಟಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕೆ ಬರೆದಿರುತ್ತದೆ. ಎ ಎಂದರೆ ಮಾರ್ಚ್ ತನಕ, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್. ಅಂಕೆ ಇಸವಿಯದ್ದು. ಬಿ-27 ಎಂದಿದ್ದರೆ 2027ರ ಜೂನ್ ಒಳಗೆ ಆ ಸಿಲಿಂಡರಿನ ಪರೀಕ್ಷೆ ಆಗಬೇಕು ಎಂದರ್ಥ. ಸಿಲಿಂಡರ್ ಬಂದ ದಿನ ಮಗುವಿನಿಂದ ಓದಿಸಿ, ಅವಧಿ ದಾಟಿದ್ದರೆ ಕೂಡಲೇ ವಾಪಸ್ ಕೊಡಿ. ರಬ್ಬರ್ ಪೈಪಿಗೂ ಆಯುಸ್ಸು ಐದು ವರ್ಷ.

ಬಟ್ಟೆಗೆ ಬೆಂಕಿ, ಸುಟ್ಟ ಗಾಯ

ಹೆಣ್ಣು ಮಕ್ಕಳು ಹತ್ತು ಹನ್ನೊಂದು ವರ್ಷಕ್ಕೇ ಒಲೆಯ ಹತ್ತಿರ ನಿಲ್ಲುತ್ತಾರೆ. ಈಗಿನ ಶಾಲು, ಮ್ಯಾಕ್ಸಿ ಹೆಚ್ಚಿನವು ನೈಲಾನ್, ಪಾಲಿಯೆಸ್ಟರ್. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಮುಂದೆ ಹತ್ತಿಯ ಬಟ್ಟೆ ಹಾಕಲಿ, ಶಾಲಿನ ತುದಿಯನ್ನು ಹಿಂದಕ್ಕೆ ಕಟ್ಟಿಕೊಳ್ಳಲಿ.

ಬಟ್ಟೆಗೆ ಬೆಂಕಿ ಹಿಡಿದರೆ ಓಡಬಾರದು. ಓಡಿದಷ್ಟೂ ಗಾಳಿ, ಗಾಳಿಯಷ್ಟೂ ಉರಿ. ನಿಲ್ಲು, ಮಲಗು, ಹೊರಳು. ಎರಡು ಕೈಯಿಂದ ಮುಖ ಮುಚ್ಚಿ ನೆಲದಲ್ಲಿ ಆಚೆ ಈಚೆ ಹೊರಳಬೇಕು. ಚಾಪೆ ಹಾಸಿ ಒಬ್ಬೊಬ್ಬರಿಂದ ಮಾಡಿಸಿ. ಹೆಣ್ಣು ಮಕ್ಕಳಿಗೆ ಅವರ ಶಿಕ್ಷಕಿಯರು, ತಾಯಂದಿರು ಮಾಡಿಸಲಿ, ನಾಚಿಕೆಗೆ ಬಿಟ್ಟುಬಿಡುವ ಪಾಠ ಅಲ್ಲ ಇದು. ಬೇರೆಯವರ ಬಟ್ಟೆಗೆ ಹಿಡಿದಿದ್ದರೆ ಕಂಬಳಿ ಅಥವಾ ದಪ್ಪ ಹತ್ತಿಯ ಹೊದಿಕೆ ಹೊದಿಸಿ ಮಲಗಿಸಬೇಕು.

ಭಾರತದಲ್ಲಿ ಪ್ರತಿ ವರ್ಷ 10 ಲಕ್ಷಕ್ಕೂ ಹೆಚ್ಚು ಜನ ಸಾಧಾರಣ ಅಥವಾ ಗಂಭೀರ ಸುಟ್ಟ ಗಾಯಕ್ಕೆ ಒಳಗಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಯಕ್ಕೆ ನಮ್ಮ ಮನೆಗಳಲ್ಲಿ ಮೊದಲು ಬರುವುದು ಟೂತ್‌ಪೇಸ್ಟ್, ಶಾಯಿ, ತುಪ್ಪ, ಮೊಟ್ಟೆಯ ಬಿಳಿ. ಇವು ಬಿಸಿಯನ್ನು ಒಳಗೇ ಹಿಡಿದಿಡುತ್ತವೆ, ನಂಜು ಏರಲು ದಾರಿ ಮಾಡುತ್ತವೆ, ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ಉಜ್ಜಿ ತೆಗೆಯಬೇಕಾಗುತ್ತದೆ. ಸರಿಯಾದ ಮದ್ದು ತಣ್ಣನೆಯ ನೀರು, 20 ನಿಮಿಷ. ಐಸ್ ಬೇಡ. ಈ ಕಡೆಯ ಊರುಗಳಲ್ಲಿ ನಳಕ್ಕೆ ನೀರು ದಿನವೂ ಬರುವುದಿಲ್ಲ, ಹಾಗಾಗಿ ಕೊಡದಿಂದ ತಂಬಿಗೆಯಲ್ಲಿ ಮೆಲ್ಲಗೆ ಹೊಯ್ಯುತ್ತಾ ಇರಬೇಕು. ಬಳೆ, ಉಂಗುರ ಕೂಡಲೇ ತೆಗೆಯಿರಿ, ಬಾವು ಬಂದ ಮೇಲೆ ಬರುವುದಿಲ್ಲ. ಮೈಗೆ ಅಂಟಿದ ಬಟ್ಟೆ ಎಳೆಯಬೇಡಿ, ಗುಳ್ಳೆ ಒಡೆಯಬೇಡಿ. ಶುದ್ಧ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಿ. ಮುಖ, ಕೈ, ಕೀಲು, ಗುಪ್ತಾಂಗದ ಗಾಯ ಎಷ್ಟು ಸಣ್ಣದಾದರೂ ಡಾಕ್ಟರಿಗೆ ತೋರಿಸಬೇಕು.

ಬಣವೆ, ಗಾಳಿ, ಹತ್ತಿ

ಗದಗ ಸೀಮೆಯ ಬೆಂಕಿ ಮನೆಯೊಳಗೆ ಮಾತ್ರ ಹುಟ್ಟುವುದಿಲ್ಲ. ಸುಗ್ಗಿ ಮುಗಿದ ಮೇಲೆ ಹಿತ್ತಲಲ್ಲಿ ಕಣಕಿಯ ಬಣವೆ, ಶೇಂಗಾ ಹೊಟ್ಟು, ಒಲೆಗೆ ಎಂದು ಒಟ್ಟಿದ ಹತ್ತಿ ಕಟ್ಟಿಗೆ, ಕುಳ್ಳಿನ ರಾಶಿ. ಪಕ್ಕದಲ್ಲೇ ದನದ ಕೊಟ್ಟಿಗೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವಷ್ಟು ಗಾಳಿ ಇರುವ ಸೀಮೆ ಇದು. ಬೇಸಿಗೆಯಲ್ಲಿ ಆ ಗುಡ್ಡಕ್ಕೂ ಬೆಂಕಿ ಬೀಳುತ್ತದೆ. ಒಂದು ಬಣವೆಗೆ ಹತ್ತಿದ ಕಿಡಿ ಗಾಳಿಗೆ ಹಾರಿ ಹತ್ತು ಬಣವೆ ಸುಡುತ್ತದೆ, ಒಂದು ವರ್ಷದ ಮೇವು ಹೋಗುತ್ತದೆ. ಬಣವೆಯ ಮರೆಯಲ್ಲಿ ಕಡ್ಡಿ ಗೀರಿ ಆಡುವ ಹುಡುಗರಿಗೆ ಇದನ್ನು ಹೇಳಲೇಬೇಕು. ಮನೆಗೂ ಬಣವೆಗೂ ನಡುವೆ ದೂರ ಬಿಡಬೇಕು, ಬಣವೆಯ ಮೇಲೆ ಕರೆಂಟಿನ ತಂತಿ ಹಾದಿರಬಾರದು. ಮೊಹರಂ ಬಂದರೆ ಈ ಕಡೆ ಹಳ್ಳಿಗಳಲ್ಲಿ ಅಲಾವಿ ಕುಣಿಗೆ ಬೆಂಕಿ ಹಾಕುತ್ತಾರೆ, ಹೋಳಿಗೆ ಕಾಮಣ್ಣನನ್ನು ಸುಡುತ್ತಾರೆ. ಎಲ್ಲ ಜಾತಿಯ ಮಕ್ಕಳೂ ಸುತ್ತ ನೆರೆಯುತ್ತಾರೆ. ಮಕ್ಕಳು ಗಾಳಿ ಬೀಸುವ ದಿಕ್ಕಿನ ಎದುರು ನಿಲ್ಲದಂತೆ, ಹಿಂದಿನವರು ದೂಡದಂತೆ ನೋಡಿಕೊಳ್ಳುವ ಇಬ್ಬರು ಹಿರಿಯರು ಅಲ್ಲಿ ಬೇಕು.

ಕರಾವಳಿಯಲ್ಲಿ ಬಣವೆ ಇಲ್ಲದಿದ್ದರೂ ಬಚ್ಚಲ ಒಲೆಯ ಮೇಲೆ ಒಣಗಲು ಇಟ್ಟ ತೆಂಗಿನ ಗರಿ, ಅಡಿಕೆ ಹಾಳೆ ಇದೆ. ರಬ್ಬರ್ ಹೊಗೆ ಗೂಡು ಇದೆ. ಒಣ ಗುಡ್ಡೆಯ ಹುಲ್ಲು ಇದೆ. ರೂಪ ಬೇರೆ, ಅಪಾಯ ಅದೇ.

112: ಏನು ಹೇಳಬೇಕು

ಬೆಂಕಿಗೆ 101, ಆಂಬುಲೆನ್ಸಿಗೆ 108, ಮಕ್ಕಳ ಸಹಾಯಕ್ಕೆ 1098. ಎಲ್ಲ ನೆನಪಿರದ ಮಗುವಿಗೆ 112 ಒಂದೇ ಸಾಕು, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ ನಂಬರ್. ಉಮ್ಮನ ಮೊಬೈಲಿಗೆ ಲಾಕ್ ಇದ್ದರೂ ಪರದೆಯ ಮೇಲಿನ ಎಮರ್ಜೆನ್ಸಿ ಗುಂಡಿ ಒತ್ತಿ 112 ಮಾಡಬಹುದು. ಮಗುವಿಗೆ ಆ ಗುಂಡಿ ಎಲ್ಲಿದೆ ಎಂದು ತೋರಿಸಿ. ಆಟಕ್ಕೆ ಮಾತ್ರ ಒತ್ತಬಾರದು ಎಂಬುದನ್ನೂ ಹೇಳಿ.

ನಂಬರಿಗಿಂತ ಕಷ್ಟದ ಪಾಠ ವಿಳಾಸ. ಮನೆ ಎಲ್ಲಿ ಎಂದರೆ ಮಕ್ಕಳು 'ಮಸೂತಿ ಹಿಂದ್ರಿ' ಎನ್ನುತ್ತಾರೆ. ಫೋನ್ ಎತ್ತಿದವರು ಬೇರೆ ಯಾವುದೋ ಊರಿನ ಕಂಟ್ರೋಲ್ ರೂಮಿನಲ್ಲಿ ಕೂತಿರುತ್ತಾರೆ, ಅವರಿಗೆ ಯಾವ ಮಸೂತಿ ಎಂದು ಗೊತ್ತಾಗಬೇಕಲ್ಲ. ಊರು ಬೆಳ್ಳಟ್ಟಿ, ತಾಲೂಕು ಶಿರಹಟ್ಟಿ, ಜಿಲ್ಲೆ ಗದಗ, ಮಸೂತಿಯ ಹಿಂದಿನ ಓಣಿ. ಹೀಗೆ ನಾಲ್ಕು ಹಂತದಲ್ಲಿ ಕಲಿಸುತ್ತೇವೆ. ಕರಾವಳಿಯಲ್ಲಿ ಗುಡ್ಡೆಗೊಂದು ಮನೆ. ಅಲ್ಲಿ ರಸ್ತೆಯಿಂದ ಎಲ್ಲಿ ತಿರುಗಬೇಕು ಎಂಬ ಗುರುತು ಮುಖ್ಯ: ಹಾಲಿನ ಸೊಸೈಟಿ, ಬಸ್ ಸ್ಟಾಪ್, ಶಾಲೆ. ಆಮೇಲೆ ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರಾ ಎಂದು ಹೇಳಬೇಕು, ಅವರು ಇಡಿ ಎನ್ನುವ ತನಕ ಫೋನ್ ಇಡಬಾರದು. ಫೋನ್ ಮಾಡುವುದು ಯಾವಾಗಲೂ ಹೊರಗೆ ಬಂದ ಮೇಲೆ.

ಹೊರಗೆ ಬಂದವರು ಸೇರುವ ಜಾಗ ಒಂದಿರಲಿ, ಬೇವಿನ ಮರವೋ ಗೇಟೋ. ಎಲ್ಲರೂ ಅಲ್ಲಿಗೇ ಬಂದರೆ ತಲೆ ಎಣಿಸಬಹುದು. ತಮ್ಮ ಒಳಗಿದ್ದಾನೆ, ಬೆಕ್ಕಿನ ಮರಿ ಒಳಗಿದೆ, ಶಾಲೆಯ ಬ್ಯಾಗ್ ಒಳಗಿದೆ ಎಂದು ಮಕ್ಕಳು ಮತ್ತೆ ಓಡುತ್ತಾರೆ. ಅಲ್ಲೇ ಜೀವ ಹೋಗುತ್ತದೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಉರಿಯಿತು. ಅದರಲ್ಲಿದ್ದ 379 ಮಂದಿಯೂ ಜೀವಂತ ಹೊರಗೆ ಬಂದರು. ಸಿಬ್ಬಂದಿಯ ಮಾತು ಕೇಳಿ, ಬ್ಯಾಗುಗಳನ್ನು ಮೇಲೆಯೇ ಬಿಟ್ಟು ಬಂದದ್ದು ಅವರನ್ನು ಉಳಿಸಿತು. ವಿಮಾನದಲ್ಲಿ ಓಡಾಡುವ ನಮ್ಮ ಮನೆಗಳು ಮಕ್ಕಳಿಗೆ ಹೇಳಬಹುದಾದ ಕಥೆ ಇದು. ಇದರಲ್ಲಿ ಭಯಕ್ಕಿಂತ ಧೈರ್ಯ ಹೆಚ್ಚಿದೆ.

ಬೈಯುವುದಿಲ್ಲ ಎಂಬ ಮಾತು

ಮೊದಲು ಹೇಳಿದ ಅಡಗುವ ವಿಷಯಕ್ಕೆ ಮದ್ದು ಒಂದೇ. ಮಗುವಿಗೆ ಮೊದಲೇ ಮಾತು ಕೊಡಬೇಕು. ಬೆಂಕಿ ನಿನ್ನಿಂದಲೇ ಹತ್ತಿದ್ದರೂ ಓಡಿ ಬಂದು ಹೇಳು, ಹೊಡೆಯುವುದಿಲ್ಲ, ಬೈಯುವುದಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಹಾಲು ಚೆಲ್ಲಿದ್ದಕ್ಕೆ, ಲೋಟ ಒಡೆದದ್ದಕ್ಕೆ ಹೊಡೆತ ತಿಂದ ಮಗು ಮನೆಗೆ ಬೆಂಕಿ ಹತ್ತಿದಾಗ ಬಂದು ಹೇಳೀತೇ? ಮಕ್ಕಳಿಗೆ ಕಲಿಸುವ ನಾವೂ ಬೆತ್ತವನ್ನು ಈ ಲೆಕ್ಕದಲ್ಲಿ ಒಮ್ಮೆ ಯೋಚಿಸಬೇಕು.

ಬೇರೆ ಆಪತ್ತುಗಳಿಗೂ ಇದೇ ದಾರಿ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಬಿದ್ದವರು ಹತ್ತಿ ಬರಲಾರರು. ಗೆಳೆಯ ನೀರಿಗೆ ಬಿದ್ದರೆ ಹಿಂದೆಯೇ ಹಾರಬಾರದು, ಕೂಗಬೇಕು, ಹಗ್ಗವೋ ಮುಚ್ಚಳ ಬಿಗಿದ ಖಾಲಿ ಕ್ಯಾನೋ ಎಸೆಯಬೇಕು. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ, ಓಡಾಡದೆ ಕೂರಿಸಿ ಆಸ್ಪತ್ರೆಗೆ ಒಯ್ಯಬೇಕು. ತುಂಡಾಗಿ ಬಿದ್ದ ತಂತಿಯ ಹತ್ತಿರ ಹೋಗದೆ 1912ಕ್ಕೆ ತಿಳಿಸಬೇಕು. ಕರೆಂಟು ಹಿಡಿದವರನ್ನು ಬರಿಗೈಯಲ್ಲಿ ಮುಟ್ಟಬಾರದು, ಮೊದಲು ಮೇನ್ ಸ್ವಿಚ್ ತೆಗೆಯಬೇಕು.

ಮದ್ರಸ ಕಮಿಟಿಯವರಿಗೆ

ಎಷ್ಟೋ ಕಡೆ ಮದ್ರಸ ಇರುವುದು ಮಸೀದಿಯ ಮಹಡಿಯಲ್ಲಿ, ಮೆಟ್ಟಿಲು ಒಂದೇ, ಬಾಗಿಲಲ್ಲಿ ಚಪ್ಪಲಿಯ ರಾಶಿ. ಗಡಿಬಿಡಿಯಲ್ಲಿ ಮೊದಲ ಮಗು ಎಡವಿ ಬೀಳುವುದು ಅಲ್ಲೇ, ಹಿಂದಿನವರು ಬೀಳುವುದು ಅದರ ಮೇಲೆ. ಬೆಂಗಳೂರಿನ ಸರ್ಕಸ್ಸನ್ನು ನೆನಪು ಮಾಡಿಕೊಳ್ಳಿ. ಚಪ್ಪಲಿಗೆ ಪಕ್ಕದಲ್ಲಿ ಸ್ಟ್ಯಾಂಡ್ ಇರಲಿ. ಮೆಟ್ಟಿಲಲ್ಲಿ ಶಾಮಿಯಾನದ ಸಾಮಾನು, ಹಳೆಯ ಚಾಪೆ ಬೇಡ. ಒಂದು ಬೆಂಕಿ ಆರಿಸುವ ಸಿಲಿಂಡರ್ ಇಡಿ, ಅದನ್ನು ಬಳಸುವುದು ಉಸ್ತಾದರಿಗೂ ಮುಅದ್ಸಿನರಿಗೂ ಗೊತ್ತಿರಲಿ: ಪಿನ್ ಎಳೆ, ಬೆಂಕಿಯ ಬುಡಕ್ಕೆ ಗುರಿ ಇಡು, ಹಿಡಿ ಒತ್ತು, ಆಚೆ ಈಚೆ ಬೀಸು.

ತಿಂಗಳಿಗೊಂದು ಗುರುವಾರ ಕೊನೆಯ ಹತ್ತು ನಿಮಿಷ ತೆಗೆದಿಟ್ಟು, ಗಂಟೆ ಹೊಡೆದ ಕೂಡಲೇ ಮಕ್ಕಳೆಲ್ಲ ಕಿತಾಬು ಬಿಟ್ಟು ಸಾಲಾಗಿ ಅಂಗಳಕ್ಕೆ ಬಂದು ನಿಲ್ಲುವ ಅಭ್ಯಾಸ ಮಾಡಿಸಬಹುದು. ಸಣ್ಣವರ ಕೈ ದೊಡ್ಡವರು ಹಿಡಿದಿರಬೇಕು. ಹಾಜರಿ ಪುಸ್ತಕ ಉಸ್ತಾದರ ಕೈಯಲ್ಲಿ ಬರಬೇಕು.

ಏಪ್ರಿಲ್ 14ರಿಂದ 20ರ ತನಕ ದೇಶದಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿಯ ಬೇಲ್ ಮತ್ತು ಸ್ಫೋಟಕ ತುಂಬಿದ್ದ ಫೋರ್ಟ್ ಸ್ಟೈಕಿನ್ ಹಡಗು ಉರಿದು ಸಿಡಿದಾಗ ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಜೀವ ಬಿಟ್ಟರು. ಅವರ ನೆನಪಿಗೆ ಈ ವಾರ. ಆಗ ಹತ್ತಿರದ ಠಾಣೆಯವರನ್ನು ಮದ್ರಸಕ್ಕೆ ಕರೆಯಿರಿ. ಆ ಖಾಕಿ ಬಟ್ಟೆ, ಹೆಲ್ಮೆಟ್, ಮುಖವಾಡ ಮಕ್ಕಳು ಹಗಲಿನಲ್ಲೇ ಒಮ್ಮೆ ನೋಡಿರಬೇಕು. ಇಲ್ಲದಿದ್ದರೆ ಹೊಗೆಯ ನಡುವೆ ಕಾಪಾಡಲು ಬಂದವರನ್ನೇ ಕಂಡು ಹೆದರಿ ಅಡಗುತ್ತಾರೆ.

ಹಳ್ಳಿಗೆ ಬೆಂಕಿ ಆರಿಸುವ ಗಾಡಿ ಪೇಟೆಯಿಂದ ಬರಬೇಕು. ಅದು ಬರುವ ತನಕದ ಹೊತ್ತು ನಮ್ಮದು. ಈ ಶುಕ್ರವಾರ ಜುಮಾ ಮುಗಿಸಿ ಬಂದು ಊಟ ಆದ ಮೇಲೆ ಮಕ್ಕಳನ್ನು ಕರೆದುಕೊಂಡು ಮನೆಯನ್ನು ಒಂದು ಸುತ್ತು ಹಾಕಿ. ಎರಡು ದಾರಿ ತೋರಿಸಿ, ಸೇರುವ ಜಾಗ ತೋರಿಸಿ, ಒಮ್ಮೆ ತೆವಳಿಸಿ, ವಿಳಾಸ ಹೇಳಿಸಿ. ಅಜ್ಜಿಯ ಕೈ ಹಿಡಿಯುವವರು ಯಾರು, ತೊಟ್ಟಿಲಿನ ಮಗುವನ್ನು ಎತ್ತುವವರು ಯಾರು ಎಂದು ದೊಡ್ಡವರಲ್ಲಿ ಹೆಸರು ಹಿಡಿದು ತೀರ್ಮಾನ ಮಾಡಿ. ಹದಿನೈದು ನಿಮಿಷ ಸಾಕು. ಬೀಗದ ಕೈಗೆ ಒಂದು ಮೊಳೆಯನ್ನೂ ಅವತ್ತೇ ಹೊಡೆಯಿರಿ.